ವಕ್ಕಲೇರಿಯ ತಾಮ್ರಶಾಸನವೂ ಚಲುಕ್ಯರ ವಿವಾಹಸಂಬಂಧಗಳೂ

ಕೋಲಾರಕ್ಕೆ ಸಮೀಪದ ವಕ್ಕಲೇರಿಯೆಂದೊಡನೆ ನಮ್ಮ ಸೀಮೆಯವರಿಗೆ ಮಾರ್ಕಂಡೇಶ್ವರನ ಬೆಟ್ಟವು ನೆನಪಾಗುವುದು. ಚರಿತ್ರಕಾರರಿಗಾದರೋ ಅಲ್ಲಿ ದೊರೆತ ತಾಮ್ರಶಾಸನವು ನೆನಪಾಗುವುದು. ಬಾದಾಮಿಯ ಚಲುಕ್ಯರಲ್ಲಿ ಕಡೆಯವನಾದ ಇಮ್ಮಡಿ ಕೀರ್ತಿವರ್ಮನು ಶಕವರ್ಷ 679ರ, ಎಂದರೆ ಕ್ರಿ. ಶ. 757ರ, ಭಾದ್ರಪದ ಪೌರ್ಣಮಾಸಿಯಂದು ಭೀಮಾನದಿಯ ಉತ್ತರತೀರದ ಪಾಳೆಯದಿಂದ ಇದನ್ನು ಹೊರಡಿಸಿದನು. ದತ್ತಿಯಾದ ಸುಳ್ಳಿಯೂರು ಪಾನುಂಗಲ್ಲಿನ, ಎಂದರೆ ಈಗಿನ ಹಾನಗಲ್ಲಿನ ಸೀಮೆಗೆ ಸೇರಿದುದು. ಭೂಮಿಯು ಇದ್ದೆಡೆಯಲ್ಲಿಯೇ ಇರುವುದು. ಪಟವಾದರೋ ಪಡೆದವರ ಪೆಟ್ಟಿಗೆಯೊಡನೆ ಊರೂರು ಸಂಚರಿಸುವುದು.

ಈ ದೊರೆಯ ತಂದೆಯಾದ ಇಮ್ಮಡಿ ವಿಕ್ರಮಾದಿತ್ಯನು ಹೈಹಯಕುಲದ ಒಡಹುಟ್ಟಿದ ಸೋದರಿಯರಿಬ್ಬರನ್ನು ವರಿಸಿದನು. ಹಿರಿಯಳಾದ ಲೋಕಮಹಾದೇವಿಯು ಪಟ್ಟಮಹಿಷಿ. ಆದರೆ ಪಟ್ಟವೇರಿದ ಕೀರ್ತಿವರ್ಮನು ಕಿರಿಯಳಾದ ತ್ರೈಲೋಕ್ಯಮಹಾದೇವಿಯ ಕುವರನು. ಅಂತಃಪುರದಲ್ಲಿ ಕೈಕೇಯಿಯ ಕಥೆಯು ಮರುಕಳಿಸಲು ಇಷ್ಟೇ ಸಾಲದೆ? ಹಾಗಾದಂತೆ ಯಾವ ಶಾಸನವೂ ಹೇಳದು. ಅಕ್ಕತಂಗಿಯರು ಪಟ್ಟದಕಲ್ಲಿನಲ್ಲಿ ಒಂದರ ಮಗ್ಗುಲಲ್ಲೊಂದಾಗಿ ಶಿವಾಲಯಗಳನ್ನು ಕಟ್ಟಿಸಿದರು. ಇಂದು ನಾವು ವಿರೂಪಾಕ್ಷ, ಮಲ್ಲಿಕಾರ್ಜುನ ಎಂದು ಕರೆಯುವ ಗುಡಿಗಳೇ ಅವು. ಯುವರಾಜನಾದ ಮಗನು ಅಪ್ಪಣೆ ಬೇಡಿ ಕಾಂಚಿಯ ಪಲ್ಲವನ ಮೇಲೆ ದಂಡೆತ್ತಿ, ಆನೆಗಳನ್ನೂ ಮಾಣಿಕ್ಯ ಸುವರ್ಣಗಳನ್ನೂ ತಂದು ತಂದೆಗೊಪ್ಪಿಸಿದುದನ್ನು ನಮ್ಮ ವಕ್ಕಲೇರಿಯ ಪಟವು ಸಡಗರದಿಂದ ಬಣ್ಣಿಸುತ್ತದೆ.

ಇಂಗ್ಲೆಂಡಿನ ಎಂಟನೆಯ ಹೆನ್ರಿಯು ಗಂಡುಸಂತಾನಕ್ಕಾಗಿ ಪಟ್ಟ ಪಾಡನ್ನು ಬಲ್ಲವರು ಇದನ್ನು ಹೋಲಿಸಿ ನೋಡಬೇಕು. ಆರು ಮಂದಿ ರಾಣಿಯರು, ಇಬ್ಬರ ಶಿರಚ್ಛೇದ, ಮೊದಲನೆಯವಳನ್ನು ತ್ಯಜಿಸುವುದಕ್ಕಾಗಿ ರೋಮಿನ ಗುರುಪೀಠದೊಡನೆ ವಿಚ್ಛೇದ. ಉಳಿದ ಒಬ್ಬನೇ ಮಗನು ಹದಿನೈದರ ಪ್ರಾಯದಲ್ಲಿ, 1553ರಲ್ಲಿ, ತೀರಿಕೊಂಡನು. ವಿಕ್ರಮಾದಿತ್ಯನಿಗಾದರೋ ಇಂತಹ ಚಿಂತೆಯೇ ಇರಲಿಲ್ಲ. ಸಮರ್ಥನಾದ ಮಗನು ಸುಮಾರು 746ರಲ್ಲಿ ಸಿಂಹಾಸನವನ್ನೇರಿದನು.

ಕೇಡು ಬಂದುದು ಬೇರೆ ಬಾಗಿಲಿನಿಂದ. ರಾಷ್ಟ್ರಕೂಟರ ಇಂದ್ರನೆಂಬವನು ಖೇಟಕದ ಮದುವೆಯ ಮಂಟಪದಲ್ಲಿಯೇ ಚಲುಕ್ಯರಾಜಪುತ್ರಿಯನ್ನು ರಾಕ್ಷಸವಿಧಿಯಿಂದ ಹರಣಮಾಡಿದನೆಂದು, ಅವನ ವಂಶದವನೇ ಆದ ಅಮೋಘವರ್ಷನ 871ರ ಸಂಜಾನ್ ಶಾಸನವು ಹೇಳುತ್ತದೆ. ಆಕೆಯು ಗುಜರಾತಿನ ಚಲುಕ್ಯಶಾಖೆಯವಳೆಂದು ವಿದ್ವಾಂಸರ ಊಹೆ. ಮನುವು ಈ ವಿಧಿಯನ್ನು ಕ್ಷತ್ರಿಯರಿಗೆ ಧರ್ಮ್ಯವೆಂದೇ ಗಣಿಸಿರುವನಾದರೂ, ಕನ್ಯೆಯ ಮನೆಯವರಿಗೆ ಇದು ಮಂಗಳಕಾರ್ಯವೆನಿಸದು. ಆಕೆಯ ಮಗನೇ ದಂತಿದುರ್ಗ. ಕಾಂಚಿ, ಚೋಳ, ಪಾಂಡ್ಯರನ್ನೂ ಹರ್ಷನನ್ನೂ ಸೋಲಿಸಿದ ಕರ್ಣಾಟಕಬಲವನ್ನು ತಾನು ಅಲ್ಪಪರಿವಾರದಿಂದಲೇ ಗೆದ್ದೆನೆಂದು ಅವನು 754ರ ವೇಳೆಗೆ ಘೋಷಿಸಿದನು. ಅವನಿಗೂ ಪುತ್ರಸಂತಾನವಿಲ್ಲದೆ ರಾಜ್ಯವು ಚಿಕ್ಕಪ್ಪನಾದ ಕೃಷ್ಣನಿಗೆ ಸೇರಿತು.

ಹೆನ್ರಿಯ ಮನೆಯಲ್ಲಿಯೂ ಇಂತಹುದೇ ನಡೆಯಿತು. ಅವನ ಸೋದರಿ ಮಾರ್ಗರೆಟ್ಟಳನ್ನು 1503ರಲ್ಲಿ ಸ್ಕಾಟ್ಲೆಂಡಿನ ದೊರೆಗೆ ಕೊಟ್ಟಿದ್ದರು. ನೂರು ವರ್ಷಗಳ ತರುವಾಯ ಆಕೆಯ ಮರಿಮಗನೇ ಬಂದು ಇಂಗ್ಲೆಂಡಿನ ಕಿರೀಟವನ್ನು ಧರಿಸಿದನು. ಅರಸರು ಮನೆಗೆ ಬರುವ ಸೊಸೆಯನ್ನು ಕುರಿತು ಎಷ್ಟೊಂದು ಆಲೋಚಿಸುತ್ತಾರೆ!

ವಕ್ಕಲೇರಿಯ ಪಟದಲ್ಲಿ ದಂತಿದುರ್ಗನ ಹೆಸರೇ ಇಲ್ಲ. ಭೀಮಾತೀರದಲ್ಲಿದ್ದ ಕೀರ್ತಿವರ್ಮನು ಇನ್ನೂ ಪೃಥ್ವೀವಲ್ಲಭನು, ಮಹಾರಾಜಾಧಿರಾಜನು. ಅವನ ಕಾಲದಲ್ಲಿಯೇ ರಾಜ್ಯಶ್ರೀಯು ಮರೆಯಾದಳೆಂಬುದನ್ನು ಕಲ್ಯಾಣದ ಚಲುಕ್ಯರು ಮುಂದೆ ತಮ್ಮ ಶಾಸನಗಳಲ್ಲಿ ಒಪ್ಪಿಕೊಂಡರು. 973ರಲ್ಲಿ ಅದನ್ನು ಮರಳಿ ಪಡೆದ ಇಮ್ಮಡಿ ತೈಲಪನ ತಾಯಿಯು ಚೇದಿಯ ಹೈಹಯರ ಮಗಳು, ಮಡದಿಯು ರಾಷ್ಟ್ರಕೂಟರ ಮಗಳು.