ಭಾವಚಿತ್ರದ ಟಚಿಂಗ್ ಮತ್ತು ಮುಖವರ್ಣಿಕೆ

ಟಚಿಂಗ್ ಎಂದರೆ ನೆಗೆಟಿವ್ ಅಥವಾ ಪ್ರಿಂಟಿನ ಮೇಲೆ ಕೈಯಾಡಿಸಿ ಮುಖವನ್ನು ತಿದ್ದುವ ಸ್ಟುಡಿಯೋ ಕಸುಬು. ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೆಂಗ್ಲ್ ತಿದ್ದಿದ ನೆಗೆಟಿವ್ ಮತ್ತು ಪ್ರಿಂಟುಗಳನ್ನು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ ಮೇಲೆ ಇದು ಎಲ್ಲೆಡೆ ಹಬ್ಬಿತು.

ಇದು ಬರೀ ಚೆಂದಕ್ಕಾಗಿ ಹುಟ್ಟಿದ್ದಲ್ಲ. ಆರಂಭದ ಗಾಜಿನ ಫಲಕಗಳು ಹೆಚ್ಚಾಗಿ ನೀಲಿ ಬೆಳಕನ್ನಷ್ಟೇ ಹಿಡಿಯುತ್ತಿದ್ದವು. 1873ರಲ್ಲಿ ಹರ್ಮನ್ ಫೋಗೆಲ್ ಕಂಡುಕೊಂಡ ವಿಧಾನದಿಂದ ಹಸಿರು-ಹಳದಿಗಳೂ ದಕ್ಕಿದವು. ಕೆಂಪನ್ನೂ ಹಿಡಿಯುವ ಫಲಕ ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅಲ್ಲಿಯವರೆಗೆ ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತಿತ್ತು, ಮೊಡವೆ ಎದ್ದು ಕಾಣುತ್ತಿತ್ತು, ಕಂದು ಮೈಬಣ್ಣ ಇದ್ದುದಕ್ಕಿಂತ ಕಪ್ಪಾಗುತ್ತಿತ್ತು. ಕುಮಟಾ, ಹೊನ್ನಾವರ, ಭಟ್ಕಳದಂಥ ಕರಾವಳಿಯಲ್ಲಿ ಗದ್ದೆ, ತೋಟ, ದೋಣಿಗಳ ಬಿಸಿಲುಂಡ ಮುಖಗಳಿಗೆ ಆ ಫಲಕದಿಂದ ನ್ಯಾಯ ಸಿಗುವಂತಿರಲಿಲ್ಲ.

ನೆಗೆಟಿವನ್ನು ಮಸುಕು ಗಾಜಿನ ಓರೆ ಮೇಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಪೆನ್ಸಿಲ್ ಹಿಡಿಯುವಂತೆ ತೆಳುವಾಗಿ ವಾರ್ನಿಷ್ ಸವರುತ್ತಿದ್ದರು. ಚೂಪು ಪೆನ್ಸಿಲಿನಿಂದ ಚುಕ್ಕಿಯಿಟ್ಟ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತಿತ್ತು. ಕಪ್ಪು ಬೇಕಾದಲ್ಲಿ ಚೂರಿಯ ಮೊನೆಯಿಂದ ನಯವಾಗಿ ಹೆರೆಯುತ್ತಿದ್ದರು. ಕೈ ಪಳಗದಿದ್ದರೆ ಮುಖದ ಗೆರೆಗಳೆಲ್ಲ ಅಳಿಸಿಹೋಗಿ ಆಳೇ ಬೇರೆಯಾಗುತ್ತಿದ್ದ. ಪ್ರಿಂಟಿನ ತುಟಿ, ಕೆನ್ನೆ, ಸೀರೆಯಂಚಿಗೆ ಕೈಯಿಂದಲೇ ಬಣ್ಣ ಹಚ್ಚುವುದೂ ಇತ್ತು.

ಮುಖ ಬರೆಯುವ ಕಲೆ ಈ ಸೀಮೆಗೆ ಕ್ಯಾಮೆರಾ ತಂದುಕೊಟ್ಟದ್ದಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲವಿದು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇತದ ಬಿಳಿ, ಕಾಡಿಗೆಗಳಿಂದ ಮೂಡುತ್ತಿದ್ದ ಮುಖವರ್ಣಿಕೆ ರಾತ್ರಿಯ ದೀಪಕ್ಕೂ ದೂರದ ಪ್ರೇಕ್ಷಕನಿಗೂ ಹೊಂದುವಂಥದ್ದು. ಕೆಂಪು ಹಿಡಿಯದ ಫಿಲ್ಮಿನಲ್ಲಿ ಇಂಗಳೀಕವೂ ಕಾಡಿಗೆಯೂ ಒಂದೇ ಆಗಿಬಿಡುತ್ತವೆ. ಹಳೆಯ ಕಪ್ಪುಬಿಳುಪು ಚಿತ್ರಗಳಿಂದ ವೇಷದ ಬಣ್ಣ ಊಹಿಸುವವರು ಇದನ್ನು ಗಮನದಲ್ಲಿಡಬೇಕು.

ಫಿಲ್ಮಿನ ದೋಷ ನೀಗಿದ ಮೇಲೂ ಮುಖ ಬೆಳ್ಳಗೆ ಮಾಡುವ ರೂಢಿ ಉಳಿದದ್ದೇ ಈ ಚರಿತ್ರೆಯ ನೋವಿನ ಭಾಗ. ಹೆಣ್ಣು ನೋಡುವ ಮುನ್ನ ಕೈಯಿಂದ ಕೈಗೆ ಹೋಗುವ ಫೋಟೋದಲ್ಲಿ ಬಿಳುಪೇ ಅರ್ಹತೆಯಾಯಿತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮು ಅದೇ ಆಸೆಯನ್ನು ಮಾರಿತು. 2020ರಲ್ಲಿ ಹೆಸರಿನಿಂದ ‘ಫೇರ್’ ಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು. 1990ರ ಫೋಟೋಶಾಪ್ ಪೆನ್ಸಿಲಿನ ಕೆಲಸವನ್ನು ಕಂಪ್ಯೂಟರಿಗೆ ತಂದಿತು. ಕುಮಟಾ–ಶಿರಸಿ ರಸ್ತೆಯ ಕತಗಾಲದಂಥ ಊರಿನವರ ಕೈಯಲ್ಲೂ ಈಗ ಮೊಬೈಲಿದೆ. ಅದರ ಬ್ಯೂಟಿ ಫಿಲ್ಟರು ಯಾರೂ ಕೇಳದೆಯೇ ಮೈಬಣ್ಣ ತಿಳಿಗೊಳಿಸುವುದುಂಟು. ಅದಕ್ಕೆ ಹಳೆಯ ಫಲಕಕ್ಕಿದ್ದ ನೆಪವೂ ಇಲ್ಲ.