ಅಂಗಳ ಎಲ್ಲರದ್ದು, ಕೊನೆಯ ಬಾಗಿಲು ಯಾರದ್ದು? ಕದ್ರಿ ಗುಡ್ಡದಿಂದ ಒಂದು ಬಾಸ್ಕೆಟ್‌ಬಾಲ್ ಚರಿತ್ರೆ



ಪೋಸ್ಟ್ ಸ್ವಲ್ಪ ಉದ್ದ ಉಂಟು, ತಾಳ್ಮೆಯಿಂದ ಓದಿ. ವಿಶೇಷವಾಗಿ ಕಾಲೇಜಲ್ಲಿ ಆಡುವ ನಮ್ಮ ಹುಡುಗರು ಓದಿ, ನಿಮ್ಮ ಪಿಇ ಮಾಸ್ಟ್ರಿಗೂ ಓದಿಸಿ.

"ಆಟದಲ್ಲಿ ಎಂತ ಜಾತಿ ಮಾರಾಯ್ರೆ? ಚೆಂಡಿಗೆ ಜಾತಿ ಉಂಟಾ?" ಈ ಮಾತು ನಮ್ಮೂರಲ್ಲಿ ಕೇಳದವರು ಯಾರಿದ್ದಾರೆ? ಚೆಂಡಿಗೆ ಜಾತಿ ಇಲ್ಲ, ಸರಿ. ಅಂಗಳದಲ್ಲಿ ಆಡುವಾಗಲೂ ಈಗ ಬಹಳಷ್ಟು ಕಡೆ ಯಾರೂ ಜಾತಿ ಕೇಳುವುದಿಲ್ಲ, ಅದೂ ಸರಿ. ಆದರೆ ಆಟದ ಚರಿತ್ರೆ ನೋಡಿದರೆ ತಡೆ ಇರುವುದು ದಿನದಿನದ ಅಂಗಳದಲ್ಲಿ ಅಲ್ಲ. ತಡೆ ಇರುವುದು ಕೊನೆಯ ಬಾಗಿಲಲ್ಲಿ. ಸೀಸನ್ ಮುಗಿದ ಮೇಲೆ "ಯಾರು ದೊಡ್ಡ ಟೂರ್ನಿಗೆ ಹೋಗುತ್ತಾರೆ" ಅಂತ ಪಟ್ಟಿ ಬರೆಯುತ್ತಾರಲ್ಲ, ಅಲ್ಲಿ.

ಮೊದಲು ನಮ್ಮ ನೆಲದಿಂದಲೇ ಶುರು ಮಾಡುವ.

ಕದ್ರಿ ಅಂದರೆ ಎಲ್ಲರಿಗೂ ಮಂಜುನಾಥ ದೇವಸ್ಥಾನ ನೆನಪಾಗುತ್ತದೆ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಸ್ಥಾಪಿಸಿದ ಎಂದು ಪೀಠದ ಶಾಸನ ಹೇಳುತ್ತದೆ. ಆ ಶಾಸನದಲ್ಲಿ ಈ ಜಾಗಕ್ಕೆ "ವಿಹಾರ" ಎಂಬ ಪದವೇ ಉಂಟು. ಬುದ್ಧನ ದಾರಿ ಹಿಡಿದ ನಮಗೆ ಆ ಒಂದು ಪದ ಸಾಕು. ಅದೇ ಕದ್ರಿಯಲ್ಲಿ ಕಂಬಳ ನಡೆಯುತ್ತಿದ್ದ ಗದ್ದೆಯೂ ಇತ್ತು, "ಕದ್ರಿ ಕಂಬಳ" ಎಂಬ ಹೆಸರು ರಸ್ತೆಗೆ ಇವತ್ತಿಗೂ ಅಂಟಿಕೊಂಡಿದೆ.

ತುಳುನಾಡಿನ ಅತಿ ಹಳೆಯ ಸ್ಪರ್ಧೆ ಎಂದರೆ ಕಂಬಳ. ಅದರಲ್ಲಿ ಕೊರಗರಿಗೆ ಇದ್ದ ಪಾಲು ಯಾವುದು? ಹಿಂದಿನ ರಾತ್ರಿಯಿಡೀ ಮಂಜಿನಲ್ಲಿ ಡೋಲು ಬಾರಿಸುತ್ತಾ ಕೂರುವುದು. ಅದಕ್ಕೆ "ಪನಿ ಕುಲ್ಲುನಿ" ಅಂತ ಹೆಸರು. ಕೋಣಗಳನ್ನು ಇಳಿಸುವ ಮುಂಚೆ ಗದ್ದೆಯಲ್ಲಿ ಓಡುವ ಕೆಲಸವನ್ನೂ ಅವರಿಂದ ಮಾಡಿಸಿದ್ದಾರೆ. ಕೋಣದ ಕಾಲಿಗೆ ಮುಳ್ಳು ಚುಚ್ಚಬಾರದು, ಮನುಷ್ಯನ ಕಾಲಿಗೆ ಚುಚ್ಚಿದರೆ ಅಡ್ಡಿಯಿಲ್ಲ! ಈ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ ಕಾನೂನು ಮಾಡಿದ್ದು ಯಾವಾಗ ಗೊತ್ತಾ? 2000ರಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ. ಅಂದರೆ ಕೊರಗರು ಗದ್ದೆಗೆ ಇಳಿಯಬಾರದು ಅಂತ ಯಾರೂ ಹೇಳಲಿಲ್ಲ. ಎಲ್ಲರಿಗಿಂತ ಮೊದಲು ಇಳಿಸಿದರು. ಪದಕದ ಹೊತ್ತಿಗೆ ಹೊರಗೆ ನಿಲ್ಲಿಸಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬಾಸ್ಕೆಟ್‌ಬಾಲಿಗೆ ಬರುವ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಗೋಡೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆದು, 13 ನಿಯಮ ಬರೆದು ಈ ಆಟ ಕಟ್ಟಿದರು. ಭಾರತಕ್ಕೂ ಅದು ವೈಎಂಸಿಎ ದಾರಿಯಲ್ಲೇ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದರು, ದಕ್ಷಿಣದ ಕಾಲೇಜುಗಳ ಪಿಇ ಮಾಸ್ಟ್ರ ಪರಂಪರೆಗೆ ಬೇರು ಅದೇ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು.

ಆದರೆ ಕಾಲೇಜು ತಂಡ ಆಗಬೇಕಾದರೆ ಮೊದಲು ಕಾಲೇಜಿಗೆ ಹೋಗಬೇಕಲ್ಲ? ಮಂಗಳೂರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಕುದ್ಮುಲ್ ರಂಗರಾವ್ ನಮ್ಮ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ, ಉರ್ವ ಚಿಲಿಂಬಿಯಲ್ಲಿ. ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದ್ದು 1897ರಲ್ಲಿ. ಮಧ್ಯಾಹ್ನ ಊಟ ಕೊಟ್ಟು, ಕೈಗೆ ಕಾಸು ಕೊಟ್ಟು ಮಕ್ಕಳನ್ನು ಕರೆತರಬೇಕಿತ್ತು. ಸ್ವಂತ ಜಾತಿಯವರು ಅವರನ್ನು ಹೊರಗೆ ಹಾಕಿದರು. ಒಂದು ಕಡೆ ಕಾಲೇಜು, ಅದೇ ಊರಿನ ಇನ್ನೊಂದು ಕಡೆ ಅಆಇಈಗಾಗಿ ಬಹಿಷ್ಕಾರ. ಓಟ ಎಲ್ಲರಿಗೂ ಒಂದೇ ಗೆರೆಯಿಂದ ಶುರುವಾಗಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಅಮೆರಿಕದಲ್ಲೂ ಅಷ್ಟೇ. 1937ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸಣ್ಣ ಕಾಲೇಜುಗಳಿಗೆ ಅಂತಲೇ ಒಂದು ರಾಷ್ಟ್ರೀಯ ಟೂರ್ನಿ ಶುರುವಾಯಿತು. ಕಟ್ಟಿದವರಲ್ಲಿ ನೈಸ್ಮಿತ್ ಕೂಡ ಇದ್ದರು. ಉದ್ದೇಶ ಒಳ್ಳೆಯದೇ: ದೊಡ್ಡ ವಿಶ್ವವಿದ್ಯಾಲಯಗಳ ದುಡ್ಡಿನ ಎದುರು ನಿಲ್ಲಲಾಗದ ಕಾಲೇಜುಗಳಿಗೂ ಸೀಸನ್ ಕೊನೆಗೆ ಒಂದು ವೇದಿಕೆ ಸಿಗಲಿ ಅಂತ. ಮುಂದೆ ಇದನ್ನು ನಡೆಸಿದ ಸಂಸ್ಥೆಗೆ ಎನ್‌ಎಐಬಿ ಎಂದು ಹೆಸರಾಯಿತು. ಆದರೆ ಆ ವೇದಿಕೆ ಹತ್ತಲು ಕಪ್ಪು ಆಟಗಾರರಿಗೆ ಅನುಮತಿ ಇರಲಿಲ್ಲ. ಸೀಸನ್ ಪೂರ್ತಿ ತಂಡಕ್ಕಾಗಿ ಬೆವರು ಸುರಿಸಬಹುದು, ತಂಡ ಗೆದ್ದು ಟೂರ್ನಿಗೆ ಆಯ್ಕೆಯಾದರೆ ಕಪ್ಪು ಹುಡುಗ ಮನೆಯಲ್ಲಿರಬೇಕು. ಕಂಬಳದ ಗದ್ದೆ ನೆನಪಾಯಿತಾ?

1947ರಲ್ಲಿ ಇಂಡಿಯಾನಾ ಸ್ಟೇಟ್ ಎಂಬ ಶಿಕ್ಷಕರ ಕಾಲೇಜಿಗೆ ಆಹ್ವಾನ ಬಂತು. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಒಬ್ಬ ಕಪ್ಪು ಹುಡುಗ ಇದ್ದ. ಕೋಚ್ ಜಾನ್ ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. 1948ರಲ್ಲಿ ಪುನಃ ಆಹ್ವಾನ. ಈ ಸಲ ನ್ಯೂಯಾರ್ಕಿನ ಮ್ಯಾನ್‌ಹಟನ್ ಕಾಲೇಜು, ಈ ನಿಯಮ ತೆಗೆಯದಿದ್ದರೆ ತಾವು ಬರುವುದಿಲ್ಲ ಎಂದು ಹಟ ಹಿಡಿಯಿತು. ಸಂಘಟಕರು ಬಗ್ಗಿದರು. ವಾಕರ್ ಆಡಿದ, ತಂಡ ಫೈನಲ್ ತನಕ ಹೋಯಿತು. ಗೆಳೆಯರೇ, ಇಲ್ಲೊಂದು ಪಾಠ ಉಂಟು. ಆ ಬಾಗಿಲು ಅಧಿಕಾರಸ್ಥರ ಮನಸ್ಸು ಕರಗಿ ತೆರೆದದ್ದಲ್ಲ. ಸೀಟು ಸಿಕ್ಕಿದವರು "ಅವನಿಗೆ ಇಲ್ಲದ ಸೀಟು ನಮಗೂ ಬೇಡ" ಅಂದದ್ದಕ್ಕೆ ತೆರೆಯಿತು.

ಇನ್ನೊಬ್ಬರ ಹೆಸರು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು: ಜಾನ್ ಮೆಕ್ಲೆಂಡನ್. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ನೈಸ್ಮಿತ್ ಅವರ ಬಳಿಯೇ ಕಲಿತ ಕಪ್ಪು ವಿದ್ಯಾರ್ಥಿ. ಆಟ ಕಂಡುಹಿಡಿದ ಮೇಷ್ಟ್ರ ಶಿಷ್ಯ, ಆದರೆ ಅಲ್ಲಿನ ಕಾಲೇಜು ತಂಡದಲ್ಲಿ ಆಡಲು ಅವರಿಗೆ ಜಾಗ ಇರಲಿಲ್ಲ. ಮುಂದೆ ಡರ್ಹಮ್ ಪಟ್ಟಣದಲ್ಲಿ ಕಪ್ಪು ಜನರ ಸಣ್ಣ ಕಾಲೇಜಿಗೆ ಕೋಚ್ ಆದರು. 1944ರ ಮಾರ್ಚ್ 12, ಒಂದು ಭಾನುವಾರ. ಅದೇ ಊರಿನ ಡ್ಯೂಕ್ ವೈದ್ಯಕೀಯ ಶಾಲೆಯ ಬಿಳಿಯರ ತಂಡ ಗುಟ್ಟಾಗಿ ಬಂತು. ಬಾಗಿಲು ಹಾಕಿಕೊಂಡು ಆಡಿದರು, ಏಕೆಂದರೆ ಒಟ್ಟಿಗೆ ಆಡುವುದೇ ಅಲ್ಲಿ ಅಪರಾಧದಂತಿತ್ತು. ಮೆಕ್ಲೆಂಡನ್ ಹುಡುಗರು 88-44ರಲ್ಲಿ ಗೆದ್ದರು. ಸರಿಯಾಗಿ ದುಪ್ಪಟ್ಟು! ಆದರೆ ಯಾವ ದೊಡ್ಡ ಟೂರ್ನಿಗೂ ಆ ತಂಡಕ್ಕೆ ಕರೆ ಬರುವಂತಿರಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪಂದ್ಯದ ಕತೆಯೇ ಹೊರಗೆ ಬರಲಿಲ್ಲ. "ಪ್ರತಿಭೆ ಇದ್ದರೆ ತಾನಾಗಿ ಮೇಲೆ ಬರುತ್ತಾರೆ" ಅನ್ನುವವರಿಗೆ ಈ ಸ್ಕೋರ್ ತೋರಿಸಿ.

1953ರಲ್ಲಿ ಅದೇ ಸಣ್ಣ ಕಾಲೇಜುಗಳ ಸಂಸ್ಥೆ (ಆಗ ಎನ್‌ಎಐಎ) ಕಪ್ಪು ಜನರ ಕಾಲೇಜುಗಳಿಗೆ ಸದಸ್ಯತ್ವ ಕೊಟ್ಟಿತು. ಮೆಕ್ಲೆಂಡನ್ ಅದರ ಮರುವರ್ಷ ಟೆನೆಸ್ಸಿ ಎ ಅಂಡ್ ಐ ಕಾಲೇಜಿಗೆ ಹೋದರು. ಆಡಲು ಕರೆದರೆ ಸಾಲದು, ಉಳಿದ ತಂಡಗಳು ಇಳಿಯುವಂಥ ಹೋಟೆಲಿನಲ್ಲೇ ನಮ್ಮ ಹುಡುಗರಿಗೂ ಕೋಣೆ ಬೇಕು ಎಂದು ಅವರು ಷರತ್ತು ಹಾಕಿದರು. ಆಮೇಲೆ 1957, 1958, 1959 ಮೂರು ವರ್ಷ ಸತತವಾಗಿ ಚಾಂಪಿಯನ್. ನೋಡಿ, ಬಾಗಿಲು ತೆರೆದು ನಾಲ್ಕೇ ವರ್ಷ. ಅಷ್ಟು ದಿನ ಇಲ್ಲದೇ ಇದ್ದದ್ದು ಪ್ರತಿಭೆ ಅಲ್ಲ, ಪ್ರವೇಶ.

"ಅದು ಅಮೆರಿಕ, ನಮ್ಮಲ್ಲಿ ಹಾಗಿಲ್ಲ" ಅಂತೀರಾ? ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಪಾಲ್ವಣಕರ್ ಬಾಲೂ 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಪುಣೆಯಲ್ಲಿ ಅವರಿಗೆ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ. ಅವರ ಕೈಯ ಚೆಂಡು ಬೇಕು, ಕೈ ಮುಟ್ಟಿದ ಲೋಟ ಬೇಡ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆತನಕ ಕೊಡಲಿಲ್ಲ. ತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತ ಮೇಲೆ, 1923ರಲ್ಲಿ ತಮ್ಮ ವಿಠಲ್‌ಗೆ ನಾಯಕತ್ವ ಬಂತು. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಡು ಬೋಯಿಸ್ ಅವರಿಗೆ ಪತ್ರ ಬರೆದದ್ದು ಸುಮ್ಮನೆ ಅಲ್ಲ. ಎರಡೂ ಕಡೆಯ ಬೀಗಕ್ಕೆ ಅಚ್ಚು ಒಂದೇ ಎಂಬುದು ಅವರಿಗೆ ಗೊತ್ತಿತ್ತು.

ಈಗ ನಮ್ಮ ಇವತ್ತಿನ ಲೆಕ್ಕ.

1980 ಒಂದು ವಿಚಿತ್ರ ವರ್ಷ. ಮೂರು ಸಂಗತಿ ಒಟ್ಟಿಗೆ ಆದವು. ಒಂದು, ಹಲವು ದೇಶಗಳು ಬಹಿಷ್ಕರಿಸಿದ್ದರಿಂದ ಖಾಲಿಯಾದ ಜಾಗದಲ್ಲಿ ಭಾರತದ ಪುರುಷರ ಬಾಸ್ಕೆಟ್‌ಬಾಲ್ ತಂಡ ಮಾಸ್ಕೋ ಒಲಿಂಪಿಕ್ಸಿಗೆ ಹೋಯಿತು. 12 ತಂಡಗಳಲ್ಲಿ 12ನೆಯದಾಗಿ ಬಂತು. ಅರ್ಹತೆ ಇಲ್ಲದೆ ಸೀಟು ಸಿಕ್ಕಿತು ಅಂತ ಆಗ ಯಾರೂ ಮೆರಿಟ್ ಭಾಷಣ ಮಾಡಲಿಲ್ಲ! ಎರಡು, ಆಗಸ್ಟ್ 4ರಂದು ಕೇಂದ್ರ ಸರಕಾರ ಕ್ರೀಡಾಪಟುಗಳ ನೇಮಕಾತಿಯ ಆದೇಶ ಹೊರಡಿಸಿತು. ಅದರ ಪ್ರಕಾರ ಅಂತರ-ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತನ್ನ ವಿ.ವಿ.ಯನ್ನು ಪ್ರತಿನಿಧಿಸಿದವರೂ ಸರಕಾರಿ ಕೆಲಸದ ಕ್ರೀಡಾ ಕೋಟಾಕ್ಕೆ ಅರ್ಹರು. ಬಾಸ್ಕೆಟ್‌ಬಾಲ್ ಆ ಪಟ್ಟಿಯಲ್ಲಿ ಉಂಟು. ಮೂರು, ಸೆಪ್ಟೆಂಬರ್ 10ರಂದು ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಅಂದರೆ ಹಂಪನಕಟ್ಟೆಯ ಹಳೆ ಸರಕಾರಿ ಕಾಲೇಜಿನ ಹುಡುಗ, ಘಟ್ಟದ ಬುಡದ ಊರಿನ ಸಣ್ಣ ಪದವಿ ಕಾಲೇಜಿನ ಹುಡುಗ ಇವರಿಗೆಲ್ಲ ಈ ಒಂದು ಸರ್ಟಿಫಿಕೇಟ್ ಬರೀ ಫ್ರೇಮು ಹಾಕುವ ಕಾಗದ ಅಲ್ಲ. ಅದು ರೈಲ್ವೆ, ಅಂಚೆ, ತೆರಿಗೆ ಇಲಾಖೆಯ ಬಾಗಿಲು.

ಆ ಬಾಗಿಲಿಗೆ ಹೋಗುವ ದಾರಿ ಹೀಗೆ. ಮೊದಲು ಅಂತರ-ಕಾಲೇಜು ಟೂರ್ನಿ. ಅಮೆರಿಕದಲ್ಲಿ ಗೆದ್ದ ಕಾಲೇಜೇ ಮುಂದೆ ಹೋಗುತ್ತದೆ, ನಮ್ಮಲ್ಲಿ ಹೋಗುವುದು ಕಾಲೇಜು ಅಲ್ಲ, ವಿ.ವಿ. ತಂಡ. 12 ಹುಡುಗರನ್ನು ಆರಿಸಿ ದಕ್ಷಿಣ ವಲಯಕ್ಕೆ ಕಳಿಸುತ್ತಾರೆ. ದೇಶದಲ್ಲಿ ನಾಲ್ಕು ವಲಯ, ಒಂದೊಂದರಿಂದ ಮೊದಲ ನಾಲ್ಕು ತಂಡ ಅಖಿಲ ಭಾರತ ಹಂತಕ್ಕೆ. ಹಾಗಾಗಿ ನಿಜವಾದ ಕೊನೆಯ ಬಾಗಿಲು ಎಂದರೆ ಆ 12 ಹೆಸರಿನ ಪಟ್ಟಿ.

ಸಣ್ಣ ಕಾಲೇಜಿನ ಹುಡುಗ ಎಲ್ಲಿ ಸೋಲುತ್ತಾನೆ ನೋಡಿ. ನಾಕೌಟ್ ಮಾದರಿಯಲ್ಲಿ ಆಡಿಸಿದರೆ ಅವನ ತಂಡ ಮೊದಲ ಸುತ್ತಿನಲ್ಲೇ ದೊಡ್ಡ ಕಾಲೇಜಿಗೆ ಸಿಕ್ಕಿ ಮನೆಗೆ ಬರುತ್ತದೆ. ಆಯ್ಕೆಗಾರರು ಅವನನ್ನು ನೋಡಿದ್ದು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಫೈನಲ್ ಆಡಿದ ಕಾಲೇಜಿನ ಹುಡುಗರನ್ನು ಮೂರು ನಾಲ್ಕು ಪಂದ್ಯ ನೋಡಿರುತ್ತಾರೆ. ಆ ದೊಡ್ಡ ಕಾಲೇಜಿಗೆ ಹಾಸ್ಟೆಲ್ ಉಂಟು, ಕೋಚ್ ಉಂಟು, ಮಳೆಗಾಲದಲ್ಲೂ ಆಡಲು ಮಾಡು ಇರುವ ಅಂಗಳ ಉಂಟು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಯಲು ಅಂಗಳ ಪಾಚಿ ಕಟ್ಟುತ್ತದೆ, ಅದೇ ತಿಂಗಳಲ್ಲಿ ಅಭ್ಯಾಸ ಆಗಬೇಕು! ಮೇಲಿಂದ ಶೂ ಒಂದು ಜೊತೆ, ಸಂಜೆ ಅಭ್ಯಾಸ ಮುಗಿಸಿದ ಮೇಲೆ ಊರಿಗೆ ಬಸ್ಸಿಲ್ಲ, ಭಾನುವಾರ ಗಾರೆ ಕೆಲಸಕ್ಕೆ ಹೋಗದಿದ್ದರೆ ಮನೆಯಲ್ಲಿ ಕಷ್ಟ. ಇಲ್ಲಿ ಯಾರೂ ಜಾತಿ ಕೇಳಲೇ ಇಲ್ಲ. ಆದರೂ ಪಟ್ಟಿ ಬರುವ ಹೊತ್ತಿಗೆ ಅವನು ಹೊರಗೆ.

ಹಾಗಾದರೆ ನಾವು ಕೇಳಬೇಕಾದ್ದು ಎಂತ? ಗೊಣಗುವುದು ಬೇಡ, ಇಷ್ಟನ್ನು ಕೇಳುವ.

1. ಅಂತರ-ಕಾಲೇಜು ಟೂರ್ನಿ ನಾಕೌಟ್ ಬದಲು ಲೀಗ್ ಆಗಲಿ. ಸೋತ ತಂಡದ ಹುಡುಗನಿಗೂ ಕನಿಷ್ಠ ಮೂರು ಪಂದ್ಯ ಸಿಗಲಿ.

2. ಟೂರ್ನಿ ಮುಗಿದ ಮೇಲೆ ಎಲ್ಲ ಕಾಲೇಜಿನವರಿಗೂ ಬಹಿರಂಗ ಆಯ್ಕೆ ನಡೆಯಲಿ. ಯಾರಿಗೆ ಎಷ್ಟು ಅಂಕ ಎಂದು ಬೋರ್ಡಿನಲ್ಲಿ ಹಾಕಲಿ.

3. ಕರ್ನಾಟಕದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಉಂಟು. ಆ ಹಣದಲ್ಲಿ ನಮ್ಮ ಆಟಗಾರರ ಶೂ, ಊಟ, ಅಭ್ಯಾಸದ ದಿನದ ಬಸ್ ಖರ್ಚು ಬರಲಿ. ಮೆಕ್ಲೆಂಡನ್ ಕೋಣೆ ಕೇಳಿದ ಹಾಗೆ ಕೇಳಬೇಕು, ಭಿಕ್ಷೆಯಾಗಿ ಅಲ್ಲ, ಷರತ್ತಾಗಿ.

4. ಕಳೆದ ಹತ್ತು ವರ್ಷದ ವಿ.ವಿ. ತಂಡಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಎಷ್ಟು ಮಂದಿ, ಸರಕಾರಿ ಕಾಲೇಜಿನವರು ಎಷ್ಟು ಮಂದಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವ. ಹತ್ತು ರೂಪಾಯಿ ಖರ್ಚು. ಉತ್ತರ ಬಂದ ಮೇಲೆ ಪುಟಪುಟ ಇಲ್ಲೇ ಹಾಕುವ.

ದೊಡ್ಡ ಕಾಲೇಜಲ್ಲಿ ಆಡುವ ಮೇಲ್ಜಾತಿಯ ಗೆಳೆಯರಿಗೂ ಒಂದು ಮಾತು. ಇದು ನಿಮ್ಮ ವಿರುದ್ಧ ಅಲ್ಲ. 1948ರಲ್ಲಿ ಮ್ಯಾನ್‌ಹಟನ್ ಕಾಲೇಜಿನವರು ಮಾಡಿದ್ದನ್ನು ನೀವೂ ಮಾಡಬಹುದು. ಪಕ್ಕದ ಸಣ್ಣ ಕಾಲೇಜಿನ ಆ ಚುರುಕು ಗಾರ್ಡ್ ಯಾಕೆ ಪಟ್ಟಿಯಲ್ಲಿ ಇಲ್ಲ ಅಂತ ಒಂದು ಸಲ ನೀವೇ ಕೇಳಿ ನೋಡಿ. ನಾವು ನೂರು ಸಲ ಕೇಳಿದ್ದಕ್ಕಿಂತ ಜಾಸ್ತಿ ಕೇಳಿಸುತ್ತದೆ.

ನಮ್ಮ ಹುಡುಗರಿಗೆ: ಕದ್ರಿಯಾಗಲಿ, ಕೊಣಾಜೆಯಾಗಲಿ, ಅಂಗಳಕ್ಕೆ ಇಳಿಯುವುದು ನಿಲ್ಲಿಸಬೇಡಿ. ಆಟದ ದಿನದ ಸ್ಕೋರ್‌ಶೀಟ್ ಫೋಟೊ ತೆಗೆದು ಇಟ್ಟುಕೊಳ್ಳಿ. ದಾಖಲೆ ಇಲ್ಲದ 88-44 ಐವತ್ತು ವರ್ಷ ಕತ್ತಲೆಯಲ್ಲಿತ್ತು. ನಿಮ್ಮದು ಒಂದು ದಿನವೂ ಇರಬಾರದು.

ಅರ್ಜಿಗೆ ಸಹಿ ಹಾಕುವವರು ಕೆಳಗೆ ಕಾಲೇಜಿನ ಹೆಸರು ಬರೆಯಿರಿ. ಶೇರ್ ಮಾಡಿ.

ಜೈ ಭೀಮ್.