ಬೈಪಾಸ್ ಯಂತ್ರ ಕುಗ್ಗುತ್ತ ಬಂದ ದಾರಿ

ಕಬ್ಬಿನ ಸೀಮೆಯಾದ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಯಾರಿಗಾದರೂ ಬೈಪಾಸ್ ಆಗಬೇಕೆಂದರೆ ಮನೆಯವರು ಬೆಳಗಾವಿಯ ಹೆಸರೆತ್ತುತ್ತಾರೆ, ಇಲ್ಲವೇ ಧಾರವಾಡದ್ದು. ಜೊತೆಗೆ ರಕ್ತ ಕೊಡುವವರನ್ನೂ ಹುಡುಕಬೇಕು. ಅಷ್ಟು ರಕ್ತ ಬೇಕಾಗುವುದಕ್ಕೆ, ಆಪರೇಷನ್ ಹೊತ್ತಿನಲ್ಲಿ ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರವೂ ಒಂದು ಕಾರಣ.

1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಈ ಯಂತ್ರದ ನೆರವಿನಿಂದ ಹೃದಯದೊಳಗಿನ ರಂಧ್ರ ಮುಚ್ಚಿದರು. 1967ರಲ್ಲಿ ಕ್ಲೀವ್‌ಲ್ಯಾಂಡಿನ ರೆನೆ ಫವಲೊರೊ ಕಾಲಿನ ರಕ್ತನಾಳ ಜೋಡಿಸುವ ಬೈಪಾಸ್‌ಗೆ ದಾರಿ ಹಾಕಿದರು. ಭಾರತದ ಮೊದಲ ಬೈಪಾಸ್ 1975ರಲ್ಲಿ, ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಅವರಿಂದ.

ಹಳೆಯ ಯಂತ್ರದ ಕೊಳವೆಗಳಿಗೆ ಮೊದಲೇ ಸುಮಾರು ಒಂದೂವರೆ ಲೀಟರ್ ದ್ರವ ತುಂಬಬೇಕು. ಐವತ್ತು ಕೆ.ಜಿ. ತೂಕದ, ಹಿಮೋಗ್ಲೋಬಿನ್ 10 ಇರುವ ಹೆಂಗಸನ್ನು ತೆಗೆದುಕೊಳ್ಳಿ. ಆಕೆಯ ಮೈಯಲ್ಲಿರುವ ರಕ್ತ ಹೆಚ್ಚೆಂದರೆ ಮೂರೂಕಾಲು ಲೀಟರ್. ಆ ದ್ರವ ಬೆರೆತರೆ ಹಿಮೋಗ್ಲೋಬಿನ್ 7ರ ಕೆಳಗಿಳಿಯುತ್ತದೆ. ಹೊರಗಿನ ರಕ್ತ ಕೊಡಲೇಬೇಕಾಗುತ್ತದೆ. ದ್ರವ 600 ಮಿ.ಲೀ. ಮಾತ್ರವಾದರೆ ಅದು ಎಂಟರ ಮೇಲೆಯೇ ಉಳಿಯುತ್ತದೆ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ಕಡೆ ಇದು ಸಣ್ಣ ಲೆಕ್ಕವಲ್ಲ.

ತುಂಬುವ ದ್ರವವನ್ನು ಹೀಗೆ ತಗ್ಗಿಸುವುದೇ ಕಿರುಯಂತ್ರದ, ಅಂದರೆ ಕುಗ್ಗಿಸಿದ ಹಾರ್ಟ್-ಲಂಗ್ ಯಂತ್ರದ, ಕೆಲಸ. 1990ರ ದಶಕದ ಕೊನೆಗೆ ಯುರೋಪಿನಲ್ಲಿ ರೂಪುಗೊಂಡ ಈ ವ್ಯವಸ್ಥೆಯಲ್ಲಿ ತೆರೆದ ರಕ್ತದ ತೊಟ್ಟಿಯಿಲ್ಲ. ಗಿಡ್ಡ ಕೊಳವೆ, ಒಳಮೈಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಲೇಪ, ತಿರುಗುವ ಪಂಪು, ಆಕ್ಸಿಜನ್ ಬೆರೆಸುವ ಪೊರೆ. ಎದೆಯಲ್ಲಿ ಸೋರಿದ ರಕ್ತ ತೊಳೆದ ಮೇಲಷ್ಟೇ ಮೈಗೆ ಮರಳುತ್ತದೆ. ಆದರೆ ತೊಟ್ಟಿಯಿಲ್ಲವೆಂದರೆ ಆಸರೆಯೂ ಇಲ್ಲ: ಅಭಿಧಮನಿಯ ಕೊಳವೆಗೆ ಗಾಳಿ ನುಗ್ಗಿದರೆ ಪಂಪು ತಡವರಿಸುತ್ತದೆ. ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್ ಕಣ್ಣು ಮಿಟುಕಿಸುವಂತಿಲ್ಲ.

ಅಷ್ಟರಲ್ಲಿ ಭಾರತದ ಶಸ್ತ್ರವೈದ್ಯರು ಯಂತ್ರವನ್ನೇ ಬಿಟ್ಟು, ಮಿಡಿಯುವ ಹೃದಯದ ಮೇಲೆಯೇ ಹೊಲಿಗೆ ಹಾಕುವುದರಲ್ಲಿ ಪಳಗಿದ್ದರು. ಬೆಂಗಳೂರಿನ ಡಾ. ವಿವೇಕ ಜವಳಿ, ಅರಿವಳಿಕೆ ತಜ್ಞ ಡಾ. ಮುರಳಿ ಚಕ್ರವರ್ತಿ ಅವರ ತಂಡ ಇನ್ನೂ ಮುಂದೆ ಹೋಗಿ, ರೋಗಿ ಎಚ್ಚರವಿರುವಾಗಲೇ ಬೈಪಾಸ್ ಮಾಡಿತು. ಇನ್ನು ಹಣದ ಮಾತು. 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಸಹಕಾರಿ ಸಂಘದ ರೈತ ಆರಂಭದಲ್ಲಿ ಕಟ್ಟುತ್ತಿದ್ದದ್ದು ವರ್ಷಕ್ಕೆ 60 ರೂಪಾಯಿ. ಇಂಥ ಯೋಜನೆಗಳಲ್ಲಿ ಆಪರೇಷನ್ನಿಗೆ ಸಿಗುವುದು ಇಂತಿಷ್ಟೇ ಮೊತ್ತ. ಕಿರುಯಂತ್ರದ, ಒಮ್ಮೆ ಬಳಸಿ ಬಿಸಾಡುವ ದುಬಾರಿ ಸೆಟ್ಟು ಅದರಲ್ಲಿ ಹೊಂದುವುದು ಕಷ್ಟ. ಕಿರುಯಂತ್ರ ಇಲ್ಲಿ ಬೇರೂರದಿರಲು ಇದೇ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಯಂತ್ರವಿಲ್ಲದ ದಾರಿಯೂ ಪ್ರಶ್ನಾತೀತವಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ರೂಬಿ ಅಧ್ಯಯನದ 2203 ರೋಗಿಗಳಲ್ಲಿ, ಮಿಡಿಯುವ ಹೃದಯಕ್ಕೆ ಹೊಲಿದ ನಾಳಗಳು ವರ್ಷದೊಳಗೆ ಹೆಚ್ಚಾಗಿ ಮುಚ್ಚಿಕೊಂಡಿದ್ದವು. ಭಾರತದ ಆಸ್ಪತ್ರೆಗಳೂ ಸೇರಿದ್ದ, 4752 ಜನರ ‘ಕರೋನರಿ’ ಅಧ್ಯಯನ 2012ರಲ್ಲಿ ತಿಂಗಳ ಮಟ್ಟಿಗೆ ಸಾವು, ಪಾರ್ಶ್ವವಾಯು ಮೊದಲಾದವುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೈ ಪಳಗಿದವರ ಫಲಿತಾಂಶವೇ ಬೇರೆ ಎಂಬ ವಾದ ಇನ್ನೂ ಮುಗಿದಿಲ್ಲ.

ಕಿರುಯಂತ್ರದ ಪರವಾಗಿ 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ನಿಲುವುಪತ್ರ ಬಂತು. ಆಮೇಲಿನ ‘ಕಾಮಿಕ್ಸ್’ ಅಧ್ಯಯನ ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ತೊಡಕು ಕಡಿಮೆಯೆಂದು ತೋರಿಸಿತಾದರೂ, ಉದ್ದೇಶಿಸಿದಷ್ಟು ಜನ ಸೇರುವ ಮೊದಲೇ ನಿಂತಿತು. ಅಷ್ಟರಮಟ್ಟಿಗೆ ಅದರ ಸಾಕ್ಷ್ಯ ಸಡಿಲ.

ಹೊಸ ಸೆಟ್ಟಿಗೆ ಹಣವಿಲ್ಲದ ಕಡೆ ನಡುವಿನ ದಾರಿಯೊಂದಿದೆ. ಹಳೆಯ ಯಂತ್ರದ ಕೊಳವೆಗಳನ್ನೇ ಮೋಟು ಮಾಡಿ, ಪಂಪು ಶುರುವಾಗುವ ಮುನ್ನ ರೋಗಿಯ ಸ್ವಂತ ರಕ್ತವನ್ನು ಅದರೊಳಗೆ ನಿಧಾನವಾಗಿ ಹರಿಯಬಿಡುತ್ತಾರೆ. ತುಂಬಿದ್ದ ದ್ರವ ಅಷ್ಟಷ್ಟೇ ಹಿಂದೆ ಸರಿದು ಚೀಲಕ್ಕೆ ಬೀಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಖಾಲಿ ಚೀಲ, ಕೆಲವು ನಿಮಿಷ, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವ ಅರಿವಳಿಕೆ ತಜ್ಞ.